ಸಸ್ಯದ ‘ಬೆವರು’: ಹೇಲ್ಸನ ಗ್ರಂಥದಲ್ಲಿ ಉಪಮಾನದ ಸ್ಥಾನ

ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ಪಾದಪ’ ಶಬ್ದವು ಮರವು ಬೇರಿನಿಂದ ನೀರನ್ನು ಕುಡಿಯುವುದನ್ನು ಹೇಳುತ್ತದೆ. ಕುಡಿದ ನೀರು ಎಲ್ಲಿಗೆ ಹೋಗುವುದೆಂಬುದನ್ನು ಹೇಳುವುದಿಲ್ಲ. ಈ ಪ್ರಶ್ನೆಯನ್ನು ತಕ್ಕಡಿಯ ಮುಂದಿಟ್ಟ ಕೃತಿಯೆಂದರೆ, ಇಂಗ್ಲೆಂಡಿನ ಟೆಡಿಂಗ್ಟನ್ನಿನಲ್ಲಿ ಪಾದ್ರಿಯಾಗಿದ್ದ ಸ್ಟೀಫನ್ ಹೇಲ್ಸನು ೧೭೨೭ರಲ್ಲಿ ಪ್ರಕಟಿಸಿದ ‘ವೆಜಿಟಬಲ್ ಸ್ಟ್ಯಾಟಿಕ್ಸ್’. ವಿಜ್ಞಾನಗ್ರಂಥವೆಂದು ಪ್ರಸಿದ್ಧವಾದ ಈ ಕೃತಿಯು, ಉಪಮಾನವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದಕ್ಕೆ ನಿದರ್ಶನವಾಗಿಯೂ ವಿಚಾರಾರ್ಹವಾಗಿದೆ.

ಎಲೆಗಳಿಂದ ನೀರು ಹೊರಹೋಗುವುದನ್ನು ಗ್ರಂಥಕರ್ತನು ಬೆವರುವಿಕೆಯೆಂದೇ ಕರೆದನು. ೧೭೨೪ರಲ್ಲಿ ಆತನು ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿ ಗಿಡವಿದ್ದ ಕುಂಡದ ಬಾಯನ್ನು ಸೀಸದ ತಗಡಿನಿಂದ ಮುಚ್ಚಿ, ಬೆಳಗೂ ಬೈಗೂ ತೂಗಿದನು. ಬಳಿಕ ಗಿಡವನ್ನು ಕತ್ತರಿಸಿ, ಕುಂಡದಿಂದಲೇ ಹನ್ನೆರಡು ಗಂಟೆಗಳಲ್ಲಿ ಆರಿಹೋಗುವ ೨ ಔನ್ಸನ್ನು ಕಂಡುಕೊಂಡು ಲೆಕ್ಕದಿಂದ ಕಳೆದನು. ಹಗಲಿನ ಹನ್ನೆರಡು ಗಂಟೆಗಳಲ್ಲಿ ಗಿಡವು ಕಳೆದುಕೊಂಡ ನೀರು ಸರಾಸರಿ ೧ ಪೌಂಡು ೪ ಔನ್ಸು.

ಗಾತ್ರಕ್ಕೆ ಗಾತ್ರವನ್ನು ಹಿಡಿದರೆ ಇದು ಮನುಷ್ಯನ ಬೆವರಿನ ೧೭ ಪಾಲು. ಮೈಯ ವಿಸ್ತಾರವನ್ನು ಹಿಡಿದರಾದರೋ ಲೆಕ್ಕವು ತಿರುಗುಮುರುಗಾಗಿ, ಮನುಷ್ಯನೇ ಗಿಡದ ಮೂರು ಪಾಲಿಗಿಂತ ಹೆಚ್ಚು ಬೆವರುತ್ತಾನೆ. ಎರಡನ್ನೂ ಮರೆಮಾಚದೆ ಕೊಟ್ಟಿರುವುದು ಗ್ರಂಥದ ಮೊದಲನೆಯ ಗುಣ. ಪ್ರಾಣಿಗಳ ರಕ್ತದಂತೆ ಸಸ್ಯರಸವೂ ಸುತ್ತಿಬರುವುದೆಂಬ ಪಕ್ಷವು ಇದೇ ಉಪಮಾನದ ಮುಂದುವರಿಕೆ. ಪ್ರಯೋಗವು ಅದನ್ನು ಒಪ್ಪದಿರಲು ಹೇಲ್ಸನೂ ಒಪ್ಪಲಿಲ್ಲ. ಇದು ಎರಡನೆಯ ಗುಣ.

ಆದರೂ ಶಬ್ದದ ದೋಷವು ಉಳಿಯಿತು. ಬೆವರು ಗ್ರಂಥಿಗಳಿಂದ ದ್ರವವಾಗಿ ಹೊರಬಂದು ಅನಂತರ ಆರುವುದು. ಎಲೆಯಲ್ಲಿ ನೀರು ಒಳಗಣ ಜೀವಕೋಶಗಳ ಒದ್ದೆಗೋಡೆಗಳ ಮೇಲೆಯೇ ಆವಿಯಾಗಿ, ಬಹುಪಾಲು ಪತ್ರರಂಧ್ರಗಳ ಮೂಲಕ ಹೊರಡುವುದು. ಕನ್ನಡದ ‘ಬಾಷ್ಪವಿಸರ್ಜನೆ’ಯು ಈ ಅಂಶದಲ್ಲಿ ನಿರ್ದುಷ್ಟವಾಗಿದೆ. ಆದರೆ ‘ಬಾಷ್ಪ’ವು ಸಾಹಿತ್ಯಾಭ್ಯಾಸಿಗೆ ಮೊದಲು ಕಣ್ಣೀರನ್ನೇ ನೆನಪಿಗೆ ತರುತ್ತದೆ, ‘ವಿಸರ್ಜನೆ’ಯು ಬೇಡವಾದುದನ್ನು ಬಿಡುವ ಅರ್ಥವನ್ನು ಧ್ವನಿಸುತ್ತದೆ. ಗಿಡವು ಕಳೆದುಕೊಳ್ಳುವುದು ತನಗೆ ಬೇಕಾದ ನೀರನ್ನೇ: ಆಹಾರಕ್ಕಾಗಿ ಇಂಗಾಲಾಮ್ಲವಾಯುವನ್ನು ಒಳಕ್ಕೆ ಬಿಡಲು ತೆರೆದ ರಂಧ್ರದಿಂದಲೇ ಆವಿಯು ಹೊರಹೋಗುತ್ತದೆ. ನೀರಿನ ಅಭಾವವಾದಾಗ ಗಿಡವು ಆ ರಂಧ್ರವನ್ನು ಮುಚ್ಚಿಕೊಂಡರೆ ಆಹಾರದ ಉತ್ಪತ್ತಿಯೂ ಕುಗ್ಗುತ್ತದೆ. ಈ ಇಕ್ಕಟ್ಟನ್ನು ‘ಬೆವರು’ ಹೇಳುವುದಿಲ್ಲ, ‘ವಿಸರ್ಜನೆ’ಯೂ ಹೇಳುವುದಿಲ್ಲ.

ಪಾರಿಭಾಷಿಕ ಶಬ್ದವೂ ಹಲವು ವೇಳೆ ಒಂದು ಉಪಮಾನವೇ. ರೂಢಿಗೆ ಬಂದುದನ್ನು ಕೈಬಿಡಬೇಕಾದುದಿಲ್ಲ. ಅದು ಎಲ್ಲಿಯವರೆಗೆ ಸಲ್ಲುವುದೆಂಬುದನ್ನು ಶಬ್ದದೊಡನೆಯೇ ಬೋಧಿಸುವುದು ಅವಶ್ಯಕ. ಹೇಲ್ಸನ ಗ್ರಂಥವು ಭಾಷೆಯ ಅಧ್ಯಾಪಕರಿಗೂ ಉಪಾದೇಯವಾಗುವುದು ಈ ಕಾರಣದಿಂದ.