ಕಾಲಯಾನದ ಕಥೆಗಳಲ್ಲಿ ಸಲಿಂಗಪ್ರೇಮ: ಕೆಲವು ಟೆಲಿವಿಷನ್ ಕೃತಿಗಳ ವಿಮರ್ಶೆ

ಎಚ್. ಜಿ. ವೆಲ್ಸನ ‘ದಿ ಟೈಮ್ ಮೆಷೀನ್’ ಲಂಡನ್ನಿನಲ್ಲಿ ಪುಸ್ತಕರೂಪವಾಗಿ ಹೊರಬಂದುದು 1895ನೆಯ ಇಸವಿಯ ಮೇ ತಿಂಗಳಿನಲ್ಲಿ. ಅದೇ ನಗರದ ನ್ಯಾಯಸ್ಥಾನವು ಆಸ್ಕರ್ ವೈಲ್ಡನಿಗೆ ಎರಡು ವರ್ಷಗಳ ಕಠಿಣ ಸಜೆಯನ್ನು ವಿಧಿಸಿದುದೂ ಅದೇ ತಿಂಗಳಿನಲ್ಲಿಯೇ. ಈ ಎರಡು ಸಂಗತಿಗಳಿಗೆ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಇತಿಹಾಸದಲ್ಲಿ ಇಂತಹ ಕಾಕತಾಳೀಯಗಳು ಎಷ್ಟೋ ದೊರೆಯುತ್ತವೆ. ಆದರೂ ಕಾಲದಲ್ಲಿ ಮನಬಂದಂತೆ ಸಂಚರಿಸಬಲ್ಲ ಮನುಷ್ಯನ ಕಲ್ಪನೆಯೂ, ತನಗೆ ಒಲಿದವನನ್ನು ಪ್ರೀತಿಸಿದುದಕ್ಕಾಗಿ ಸೆರೆಮನೆ ಸೇರಿದ ಮನುಷ್ಯನ ವಾಸ್ತವವೂ ಒಂದೇ ವಸಂತದಲ್ಲಿ ಅಕ್ಕಪಕ್ಕದಲ್ಲಿದ್ದುವೆಂಬುದು ಗಮನಾರ್ಹ. ಇವೆರಡನ್ನೂ ಒಂದೇ ಕಥೆಯೊಳಗೆ ತರಲು ಇಂಗ್ಲೆಂಡಿನ ಟೆಲಿವಿಷನ್ನಿಗೆ ನೂರು ವರ್ಷಗಳಿಗೂ ಮೀರಿದ ಕಾಲ ಹಿಡಿಯಿತು.

ಇಂತಹ ಕೃತಿಗಳನ್ನು ಇತಿಹಾಸದ ವಿದ್ಯಾರ್ಥಿಯು ಏಕೆ ಗಮನಿಸಬೇಕು? ಗತಕಾಲದ ಸಲಿಂಗಪ್ರೇಮಿಗಳ ವಿಷಯದಲ್ಲಿ ನಮಗೆ ದೊರೆಯುವ ಆಧಾರಗಳು ಬಹುಮಟ್ಟಿಗೆ ಪೋಲೀಸಿನವರವು, ನ್ಯಾಯಾಲಯದವು, ವೃತ್ತಪತ್ರಿಕೆಗಳವು. ಸಿಕ್ಕಿಬಿದ್ದವನ ಹೆಸರು ದಾಖಲೆಯಲ್ಲಿ ಉಳಿಯಿತು. ಸಿಕ್ಕಿಬೀಳದೆ ಬಾಳಿದವನ ಸುಖದುಃಖಗಳು ಅಳಿದುಹೋದುವು. ದಾಖಲೆ ನಿಂತ ಸ್ಥಳದಿಂದ ಮುಂದಕ್ಕೆ ಹೋಗುವ ಸ್ವಾತಂತ್ರ್ಯ ಕಥೆಗಾರನಿಗುಂಟು. ಆದರೆ ಕಾಲಯಾನದ ಕಥೆಗಾರನು ತನಗೆ ತಾನೇ ಒಂದು ಕಟ್ಟಳೆಯನ್ನು ಹಾಕಿಕೊಂಡಿರುತ್ತಾನೆ: ನಡೆದುಹೋದುದನ್ನು ಬದಲಿಸಕೂಡದು. ಹೀಗಾಗಿ ಈ ಕಥೆಗಳ ಪ್ರೇಮಿಯು ಎರಡು ಶಾಸನಗಳಿಗೆ ಒಳಗಾಗುತ್ತಾನೆ. ಒಂದು ರಾಜ್ಯದ ಶಾಸನ, ಇನ್ನೊಂದು ಕಥೆಯ ಶಾಸನ. ಮೊದಲನೆಯದು ಮಾಡಬೇಕಾದ ಕ್ರೂರಕಾರ್ಯವನ್ನು ಎರಡನೆಯದರ ಕೈಯಲ್ಲಿ ಮಾಡಿಸಿ, ಗತಕಾಲದ ಸಮಾಜವನ್ನು ನಿರ್ದೋಷಿಯೆಂದು ಬಿಟ್ಟುಬಿಡುವ ಆಮಿಷ ಬರಹಗಾರನಿಗೆ ಸದಾ ಇದ್ದೇ ಇರುತ್ತದೆ. ಇವುಗಳನ್ನು ಪರೀಕ್ಷಿಸಲು ಇದೇ ಸರಿಯಾದ ಒರೆಗಲ್ಲೆಂದು ನನ್ನ ಭಾವನೆ.

ಈ ಬಗೆಯಲ್ಲಿ ಅತ್ಯುತ್ತಮವಾದುದು ‘ಟಾರ್ಚ್‌ವುಡ್’ ಧಾರಾವಾಹಿಯ ‘ಕ್ಯಾಪ್ಟನ್ ಜ್ಯಾಕ್ ಹಾರ್ಕ್‌ನೆಸ್’ ಎಂಬ ಕಂತು. ಕ್ಯಾಥರೀನ್ ಟ್ರೆಗೆನ್ನಾ ಬರೆದು ಆ್ಯಶ್ಲಿ ವೇ ನಿರ್ದೇಶಿಸಿದ ಇದು ಬಿ.ಬಿ.ಸಿ.ಯಲ್ಲಿ 2007ರ ಜನವರಿ 1ರಂದು ಪ್ರಸಾರವಾಯಿತು. ಕಥಾನಾಯಕ ಜ್ಯಾಕ್‌ನು 51ನೆಯ ಶತಮಾನದವನು, ಸಾವಿಲ್ಲದವನು, ‘ಡಾಕ್ಟರ್ ಹೂ’ ಧಾರಾವಾಹಿಯ 2005ರ ಕಂತುಗಳಲ್ಲಿ ವಂಚಕನಾಗಿ ಮೊದಲು ಕಾಣಿಸಿಕೊಂಡವನು. ಆ ಹೆಸರು ಅವನದಲ್ಲ; ಯುದ್ಧದಲ್ಲಿ ಮಡಿದ ಒಬ್ಬ ಅಮೆರಿಕನ್ ವೈಮಾನಿಕನಿಂದ ಕದ್ದುದು. ಕಾರ್ಡಿಫ್ ನಗರದ ಒಂದು ಪಾಳುಬಿದ್ದ ನೃತ್ಯಶಾಲೆಯಿಂದ ಜ್ಯಾಕ್ ಮತ್ತು ಸಹೋದ್ಯೋಗಿನಿ ತೋಷಿಕೊ 1941ರ ಜನವರಿಗೆ ಜಾರಿಬೀಳುತ್ತಾರೆ. ಅಲ್ಲಿ ಆ ಹೆಸರಿನ ನಿಜವಾದ ಒಡೆಯನು ತನ್ನ ತರುಣ ಪಡೆಯೊಡನೆ ಕೊನೆಯ ಸಂಜೆಯನ್ನು ಕಳೆಯುತ್ತಿದ್ದಾನೆ. ಅದು ಕೊನೆಯದೆಂಬುದು ಅವನಿಗೆ ತಿಳಿಯದು. ಅವನ ಹೆಸರನ್ನು ಕದ್ದವನಿಗೆ ತಿಳಿದಿದೆ.

ಇತಿಹಾಸದ ಅಧ್ಯಾಪಕನಿಗೆ ಇಲ್ಲಿ ತಕರಾರುಗಳು ತೋರದಿರವು. ಬ್ರಿಟಿಷ್ ವಾಯುಪಡೆಯಲ್ಲಿ ಬರಿಯ ‘ಕ್ಯಾಪ್ಟನ್’ ಎಂಬ ಹುದ್ದೆಯೇ ಇರಲಿಲ್ಲ. 2005ರ ಕಂತಿನಲ್ಲಿ ಹೆಸರಿಸಿದ 133ನೆಯ ಸ್ಕ್ವಾಡ್ರನ್ನು ಅಮೆರಿಕನ್ ಸ್ವಯಂಸೇವಕರ ಪಡೆಯಾಗಿ ರೂಪುಗೊಂಡುದು 1941ರ ನಡುಭಾಗದಲ್ಲಿ. ಆ ವರ್ಷದ ಜನವರಿಯಲ್ಲಿ ಅದು ಇರಲಿಲ್ಲ. ಇವು ಕ್ಷಮ್ಯ. ಆದರೆ ಕಾಲದ ವಾತಾವರಣವನ್ನು ಹಿಡಿಯುವುದರಲ್ಲಿ ಲೇಖಕಿ ತಪ್ಪಿಲ್ಲ. 1941ರ ಜನವರಿ 2ರ ರಾತ್ರಿ ಕಾರ್ಡಿಫ್ ಮೇಲೆ ಸುರಿದ ಬಾಂಬುಗಳಿಂದ ನೂರೈವತ್ತಕ್ಕೂ ಮಿಕ್ಕಿದ ಜನ ಸತ್ತಿದ್ದರು. ಆ ಊರಿನಲ್ಲಿ ನಾಳೆಯೆಂಬುದು ಯಾರಿಗೂ ನಿಶ್ಚಿತವಾಗಿರಲಿಲ್ಲ. ಪರ್ಲ್ ಹಾರ್ಬರಿಗೆ ಇನ್ನೂ ಹನ್ನೊಂದು ತಿಂಗಳಿದ್ದರೂ ತೋಷಿಕೊಳ ಮುಖವನ್ನು ಕಂಡೊಡನೆ ಸಭೆಯಲ್ಲಿ ಸಂಶಯ ಮೂಡುತ್ತದೆ. ಅನ್ಯಳೆಂಬುದು ಅವಳ ಮುಖದಲ್ಲಿಯೇ ಬರೆದಿದೆ. ಕ್ಯಾಪ್ಟನ್ನನ ಅನ್ಯತೆಯಾದರೋ ಸಮವಸ್ತ್ರದ ಕೆಳಗೆ ಅಡಗಿದೆ. ಈ ಎರಡನ್ನೂ ಒಂದೇ ಸಭಾಂಗಣದಲ್ಲಿ, ಒಂದು ಮಾತಿನ ವ್ಯಾಖ್ಯಾನವೂ ಇಲ್ಲದೆ, ಎದುರುಬದುರಾಗಿ ಇಟ್ಟಿರುವುದು ಈ ಕಂತಿನ ಸೂಕ್ಷ್ಮಗಳಲ್ಲಿ ಒಂದು.

ಕ್ಯಾಪ್ಟನ್ನನನ್ನು ಪ್ರೀತಿಸುವ ನ್ಯಾನ್ಸಿ ಎಂಬ ತರುಣಿಯೂ ಅಲ್ಲಿದ್ದಾಳೆ. ಈ ಒಂದು ರಾತ್ರಿಯನ್ನಾದರೂ ಸುಖವಾಗಿ ಕಳೆಯೆಂದು ಜ್ಯಾಕ್‌ನು ಅವನಿಗೆ ಉಪದೇಶಿಸುತ್ತಾನೆ. ಅದರ ನಿಜವಾದ ಅರ್ಥ ಉಪದೇಶಿಸಿದವನಿಗೇ ಹೊಳೆಯುವುದು ನಿಧಾನವಾಗಿ. ಕಡೆಗೆ ಎಲ್ಲರ ಕಣ್ಣೆದುರಿನಲ್ಲಿ ಇಬ್ಬರೂ ಕೈಹಿಡಿದು ನರ್ತಿಸುತ್ತಾರೆ. ವರ್ತಮಾನಕ್ಕೆ ಹಿಂದಿರುಗುವ ದಾರಿ ತೆರೆದಾಗ ಚುಂಬಿಸಿ ಅಗಲುತ್ತಾರೆ. ಮರುದಿನ ಕ್ಯಾಪ್ಟನ್ನನು ಶತ್ರುವಿಮಾನಗಳಿಗೆ ಬಲಿಯಾಗಬೇಕು, ಆಗುತ್ತಾನೆ.

ಈ ದೃಶ್ಯದ ಪ್ರಭಾವವನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕು. ವೈಲ್ಡನನ್ನು ಸೆರೆಗೆ ಕಳುಹಿದ 1885ರ ಶಾಸನವು 1941ರಲ್ಲಿ ಜಾರಿಯಲ್ಲಿಯೇ ಇತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಅದು ಸಡಿಲಗೊಂಡುದು 1967ರಲ್ಲಿ. ಸೈನಿಕರ ಮೇಲಣ ನಿಷೇಧ ತೊಲಗಿದುದು 2000ದಲ್ಲಿ. ತನ್ನ ಕೈಕೆಳಗಿನ ಹುಡುಗರ ಎದುರಿನಲ್ಲಿ ಇನ್ನೊಬ್ಬ ಪುರುಷನನ್ನು ಚುಂಬಿಸಿದ ಅಧಿಕಾರಿಗೆ ಮರುದಿನ ಬೆಳಗ್ಗೆ ಏನಾಗುತ್ತಿತ್ತು? ಕಥೆ ಇದಕ್ಕೆ ಉತ್ತರಿಸಬೇಕಾಗಿಲ್ಲ; ಏಕೆಂದರೆ ಮರುದಿನ ಅವನೇ ಇರುವುದಿಲ್ಲ. ಸಭೆಯವರು ಸ್ತಬ್ಧರಾಗಿ ನೋಡುತ್ತಾರೆ, ಅಷ್ಟೆ. ಜರ್ಮನಿಯ ಗುಂಡು ಬ್ರಿಟಿಷ್ ನ್ಯಾಯಾಲಯದ ಕೆಲಸವನ್ನು ಉಳಿಸಿತೆಂದು ಹೇಳಿದರೆ ಕಟುವಾದೀತು, ಆದರೆ ಸುಳ್ಳಾಗದು. ಇಷ್ಟಾದರೂ ಈ ಕೃತಿಯನ್ನು ಶ್ರೇಷ್ಠವೆಂದು ನಾನು ಎಣಿಸುವುದು ಒಂದೇ ಕಾರಣಕ್ಕೆ. ಇಲ್ಲಿ ಭಯಪಡುವವನು ಆ ಕಾಲದವನೇ, ಭಯವನ್ನು ಮೀರಿ ನಿರ್ಧರಿಸುವವನೂ ಅವನೇ. ಭವಿಷ್ಯದಿಂದ ಬಂದವನಿಗೆ ನರ್ತಿಸುವುದರಲ್ಲಿ ಧೈರ್ಯವೇನು ಬೇಕು? ಅವನು ಹೊರಟುಹೋಗುವವನು.

ಇದರ ಪಕ್ಕದಲ್ಲಿ ‘ಡಾಕ್ಟರ್ ಹೂ’ ಧಾರಾವಾಹಿಯ ‘ರೋಗ್’ ಎಂಬ 2024ರ ಕಂತನ್ನು ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕೇಟ್ ಹೆರನ್ ಮತ್ತು ಬ್ರಯೊನಿ ರೆಡ್‌ಮನ್ ಬರೆದ ಈ ಕಥೆ ನಡೆಯುವುದು 1813ರ ಬಾತ್ ನಗರದ ಒಂದು ಶ್ರೀಮಂತ ಗೃಹದಲ್ಲಿ. ನ್ಕೂಟಿ ಗಾಟ್ವಾ ಅಭಿನಯಿಸಿದ ಡಾಕ್ಟರನೂ ಜೊನಾಥನ್ ಗ್ರಾಫ್ ಅಭಿನಯಿಸಿದ ರೋಗನೂ ಅತಿಥಿಗಳ ನಡುವೆ ಜೋಡಿಯಾಗಿ ನರ್ತಿಸುತ್ತಾರೆ. ಅತಿಥಿಗಳು ಬೆರಗಾಗಬೇಕೆಂಬುದೇ ಅವರ ಉಪಾಯ. ವೇಷ ಮರೆಸಿಕೊಂಡ ಅನ್ಯಗ್ರಹದ ಜೀವಿಗಳನ್ನು ಸೆಳೆಯಲು ಅದೊಂದು ಗಾಳ. ಉಡುಪು ಸೊಗಸು, ಸಂಭಾಷಣೆ ಚುರುಕು, ಪ್ರಣಯವೂ ಹುಸಿಯಲ್ಲ. ಆದರೆ 1813 ಎಂದರೇನು? ಅದಕ್ಕೆ ಮೂರೇ ವರ್ಷ ಮೊದಲು, 1810ರ ಜುಲೈಯಲ್ಲಿ, ಲಂಡನ್ನಿನ ವೀರ್ ಸ್ಟ್ರೀಟಿನ ಒಂದು ಪಾನಗೃಹದ ಮೇಲೆ ಪೋಲೀಸರು ದಾಳಿಮಾಡಿದರು. ಹಿಡಿದವರಲ್ಲಿ ಹಲವರನ್ನು ಸೆಪ್ಟೆಂಬರಿನಲ್ಲಿ ಬೀದಿಯ ದಂಡಕಂಬಕ್ಕೆ ಸಿಕ್ಕಿಸಿದರು. ಜನಸ್ತೋಮ ಅವರ ಮೇಲೆ ಕೆಸರನ್ನೂ ಕೊಳಕನ್ನೂ ಎಸೆಯಿತು. ಅದೇ ಪ್ರಕರಣದಲ್ಲಿ ಇಬ್ಬರನ್ನು 1811ರಲ್ಲಿ ಗಲ್ಲಿಗೇರಿಸಿದರು. ಆ ಅಪರಾಧಕ್ಕೆ ಮರಣದಂಡನೆ 1861ರವರೆಗೂ ಶಾಸನದಲ್ಲಿತ್ತು. ಈ ಕಂತಿನ 1813ರಲ್ಲಿ ಇದರ ನೆರಳೂ ಸುಳಿಯುವುದಿಲ್ಲ. ಪ್ರೇಮಿಗಳಿಬ್ಬರೂ ಹೊರಗಿನಿಂದ ಬಂದವರಾದುದರಿಂದ ಆ ಕಾಲದ ಯಾವ ಮನುಷ್ಯನೂ ಇಲ್ಲಿ ಬೆಲೆ ತೆರಬೇಕಾಗಿಲ್ಲ. ಅಗಲಿಕೆಯೇನೋ ಇಲ್ಲಿಯೂ ಇದೆ. ರೋಗನು ಪರರಿಗಾಗಿ ತನ್ನನ್ನೇ ತ್ಯಾಗಮಾಡಿ ಗುರುತಿಲ್ಲದ ಲೋಕಕ್ಕೆ ಸರಿದುಹೋಗುತ್ತಾನೆ. ಆದರೆ ಅದು ಯಂತ್ರದ ಕೆಲಸ, ಇತಿಹಾಸದ ಕೆಲಸವಲ್ಲ. ಮಕ್ಕಳೂ ನೋಡುವ ಕಥೆಯಲ್ಲಿ ನೇಣುಗಂಬ ಬೇಕೇ ಎಂಬ ಆಕ್ಷೇಪಣೆಗೆ ಬೆಲೆಯಿದೆ. ಗತಕಾಲವನ್ನು ಬಾಡಿಗೆಯ ಉಡುಪಿನಂತೆ ತೊಡುವ ಹಕ್ಕು ಈ ಪ್ರೇಮಿಗಳಿಗೂ ಇರಲಿ ಎಂಬುದೂ ಒಂದು ವಾದವೇ. ಆದರೂ ಒಂದು ಮಾತು, ಒಂದು ನೋಟ ಸಾಕಾಗಿತ್ತು.

‘ಬಾಡೀಸ್’ ಎಂಬ 2023ರ ಧಾರಾವಾಹಿ ಈ ದೋಷಕ್ಕೆ ಒಳಗಾಗಿಲ್ಲ. 1890, 1941, 2023, 2053 ಎಂಬ ನಾಲ್ಕು ಕಾಲಗಳಲ್ಲಿ ಒಂದೇ ಶವ ಕಾಣಿಸಿಕೊಳ್ಳುವ ಈ ಕಥೆಯಲ್ಲಿ, 1890ರ ಪೋಲೀಸ್ ಅಧಿಕಾರಿ ಹಿಲಿಂಗ್‌ಹೆಡ್‌ನು ಹೆಂಡತಿ ಮಗಳುಳ್ಳ ಗೃಹಸ್ಥ. ಅವನು ಒಲಿದುದು ಹೆನ್ರಿ ಆ್ಯಶ್ ಎಂಬ ಪತ್ರಕರ್ತನಿಗೆ. 1885ರ ಶಾಸನವನ್ನು ಬೆದರಿಸಿ ಹಣ ಕೀಳುವವರ ಸನ್ನದೆಂದು ಜನ ಕರೆಯುತ್ತಿದ್ದರು. ಇಲ್ಲಿ ಅಧಿಕಾರಿಯ ಗುಟ್ಟು ಬೆದರಿಸುವವರ ಕೈಯಲ್ಲಿ ಆಯುಧವಾಗುವ ಬಗೆ ಆ ಹೆಸರಿಗೆ ತಕ್ಕಂತಿದೆ. ಆದರೆ ಎಂಟು ಕಂತುಗಳ ಜಟಿಲ ಯಂತ್ರದ ಸದ್ದಿನಲ್ಲಿ ಪ್ರೇಮದ ದನಿ ಅಡಗಿಹೋಗಿದೆ.

‘ಬ್ಲ್ಯಾಕ್ ಮಿರರ್’ ಮಾಲೆಯ ‘ಸ್ಯಾನ್ ಜೂನಿಪೆರೊ’ (2016) ಕಟ್ಟುನಿಟ್ಟಾಗಿ ನೋಡಿದರೆ ಕಾಲಯಾನದ ಕಥೆಯಲ್ಲ. ಚಾರ್ಲಿ ಬ್ರೂಕರ್ ಬರೆದ ಈ ಕಥೆಯಲ್ಲಿ ವೃದ್ಧರೂ ಮರಣಾಸನ್ನರೂ ಯಂತ್ರನಿರ್ಮಿತವಾದ ಗತಕಾಲಕ್ಕೆ ವಾರಕ್ಕೆ ಐದು ಗಂಟೆ ಹೋಗಿಬರಬಹುದು. ಸತ್ತ ಮೇಲೆ ಅಲ್ಲಿಯೇ ನೆಲಸಬಹುದು. ಯಾರ್ಕಿ ಎಂಬವಳು 1987ರ ಒಂದು ನೃತ್ಯಗೃಹದಲ್ಲಿ ಕೆಲ್ಲಿಯನ್ನು ಕಂಡು ಒಲಿಯುತ್ತಾಳೆ. ಅವಳು ಕಾಣದಾದಾಗ 1980, 1996, 2002 ಎಂದು ವರ್ಷದಿಂದ ವರ್ಷಕ್ಕೆ ಅಲೆಯುತ್ತಾಳೆ. ಆ 1987 ಬರಿಯ ಸಂಗೀತ, ದೀಪ, ಉಡುಪು. ಇದೂ ಬಾಡಿಗೆಯ ಗತಕಾಲವೇ ಎಂದು ವಾಚಕರು ಕೇಳಬಹುದು. ಅಲ್ಲ. ನಿಜವಾದ ಗತಕಾಲವು ಇಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲಿದೆ. ಇಪ್ಪತ್ತೊಂದರ ಪ್ರಾಯದಲ್ಲಿ ಯಾರ್ಕಿ ತನ್ನ ಮನಸ್ಸನ್ನು ತಂದೆತಾಯಿಗಳಿಗೆ ತಿಳಿಸಿದಳು, ಅವರು ನಿರಾಕರಿಸಿದರು, ಆ ರಾತ್ರಿಯೇ ಮೋಟಾರು ಅಪಘಾತವಾಗಿ ನಲವತ್ತು ವರ್ಷಗಳಿಗೂ ಮೀರಿ ಅವಳು ಅಲುಗಾಡದೆ ಮಲಗಿದಳು. ಯಂತ್ರವು ಕೊಡುವುದು ಅವಳು ಬಾಳದೆ ಹೋದ ವರ್ಷಗಳನ್ನು. ಕೆಲ್ಲಿಯಾದರೋ ಪುರುಷನೊಬ್ಬನೊಡನೆ ನಲವತ್ತೊಂಬತ್ತು ವರ್ಷ ಸಂಸಾರಮಾಡಿದವಳು. ಮೂವತ್ತೊಂಬತ್ತರಲ್ಲಿ ತೀರಿಕೊಂಡ ಮಗಳಿಗೆ ಇಲ್ಲದ ಸ್ವರ್ಗ ತನಗೂ ಬೇಡವೆಂದು ಗಂಡ ಸತ್ತನು. ಆ ನಲವತ್ತೊಂಬತ್ತು ವರ್ಷಗಳನ್ನು ಹಗುರವಾಗಿ ಕಾಣಬೇಡವೆಂದು ಕೆಲ್ಲಿ ಯಾರ್ಕಿಯ ಮೇಲೆ ಸಿಡಿಯುವ ಮಾತೇ ಈ ಕಥೆಯ ಹೃದಯ. ಬಾಳಿದ ಕಾಲಕ್ಕೂ ಬಾಳದ ಕಾಲಕ್ಕೂ ಇಲ್ಲಿ ನಡೆಯುವ ವಾದದಲ್ಲಿ ಇಬ್ಬರ ಪಕ್ಷವೂ ನ್ಯಾಯವಾದುದು. 2017ರಲ್ಲಿ ಇದಕ್ಕೆ ಎರಡು ಎಮ್ಮಿ ಪ್ರಶಸ್ತಿಗಳು ಬಂದುವು.

ಯಾರ್ಕಿಯ ಹಾಸಿಗೆಯಂತಹುದು ನಮ್ಮ ವಿದ್ಯಾರ್ಥಿಗಳಿಗೆ ದೂರದ್ದಾಗಿ ತೋರಬೇಕಾಗಿಲ್ಲ. ಬ್ರಿಟಿಷರು 1860ರಲ್ಲಿ ರಚಿಸಿದ ದಂಡಸಂಹಿತೆಯ 377ನೆಯ ಕಲಮು ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತುದು 2018ರ ಸೆಪ್ಟೆಂಬರ್ 6ರಂದು. ಇಂಗ್ಲೆಂಡ್ ತನ್ನ ಮನೆಯಲ್ಲಿ ಸಡಿಲಿಸಿದ ಐವತ್ತೊಂದು ವರ್ಷಗಳ ಮೇಲೆ. ಬಾಳದೆ ಹೋದ ವರ್ಷಗಳ ಲೆಕ್ಕ ಇಲ್ಲಿಯೂ ಇದೆ.

‘ಟಾರ್ಚ್‌ವುಡ್’ ವಿಷಯದಲ್ಲಿ ಹೇಳಬೇಕಾದುದು ಇನ್ನೊಂದು ಉಳಿದಿದೆ. ಅದೇ ಲೇಖಕಿಯ ‘ಔಟ್ ಆಫ್ ಟೈಮ್’ ಎಂಬ ಕಂತು 2006ರ ಡಿಸೆಂಬರ್ 17ರಂದು, ಎಂದರೆ ಎರಡು ವಾರ ಮೊದಲು, ಪ್ರಸಾರವಾಗಿತ್ತು. ಅದರಲ್ಲಿ 1953ರ ವಿಮಾನವೊಂದು ಮೂವರು ಪ್ರಯಾಣಿಕರೊಡನೆ ವರ್ತಮಾನದ ಕಾರ್ಡಿಫ್‌ಗೆ ಬಂದಿಳಿಯುತ್ತದೆ. ವಿಮಾನ ನಡೆಸಿದ ಡಯಾನ್‌ಗೂ ಓವನ್ ಎಂಬ ವೈದ್ಯನಿಗೂ ಪ್ರೇಮ ಬೆಳೆಯುತ್ತದೆ. ಅವರಿಗೆ ಹಲವು ದಿನಗಳು ದೊರೆಯುತ್ತವೆ, ಮನೆ ದೊರೆಯುತ್ತದೆ, ಜಗಳವಾಡಲು ಬಿಡುವೂ ದೊರೆಯುತ್ತದೆ. 2008ರ ‘ಟು ದಿ ಲಾಸ್ಟ್ ಮ್ಯಾನ್’ ಕಂತಿನಲ್ಲಿ 1918ರ ಸೈನಿಕ ಟಾಮಿಯೂ ತೋಷಿಕೊಳನ್ನು ಬಿಟ್ಟು ತನ್ನ ಕಾಲಕ್ಕೆ ಸಾಯಲು ಹಿಂದಿರುಗಬೇಕಾಗುತ್ತದೆ. ಆದುದರಿಂದ ಕಥೆಯ ಶಾಸನವು ಸಲಿಂಗಪ್ರೇಮಿಗಳಿಗೆ ಮಾತ್ರ ಕಠೋರವೆಂದು ಆರೋಪಿಸುವುದು ನ್ಯಾಯವಲ್ಲ. ಅವರಿಗೂ ಒಂದು ಹಗಲು ಒಂದು ರಾತ್ರಿ ಸಿಕ್ಕಿತು. ಕ್ಯಾಪ್ಟನ್ನನಿಗೆ ಸಿಕ್ಕಿದುದು ಒಂದು ನೃತ್ಯ. ಆ ನೃತ್ಯದ ನಡುವೆ ಬಾಗಿಲು ತೆರೆಯುವುದಾದರೂ ಏಕೆ? ಕಳೆದುಹೋದ ಡಯಾನ್‌ಳನ್ನು ಮರಳಿ ಪಡೆಯುವ ಹಂಬಲದಿಂದ ಓವನ್ನನು ಈಚೆಯಿಂದ ಅದನ್ನು ಬಲವಂತವಾಗಿ ತೆರೆದುದರಿಂದ.