ದೂರು ಕೇಳುವ ಬಾಗಿಲು

ಬೊರಿವಲಿಯಿಂದ ವಿರಾರ್‌ವರೆಗಿನ ಹೆಚ್ಚುವರಿ ಎರಡು ಹಳಿಗಳು ಬಂದದ್ದು ಮುಂಬಯಿ ನಗರ ಸಾರಿಗೆ ಯೋಜನೆಯಿಂದ. ವಿಶ್ವಬ್ಯಾಂಕ್ 2002ರಲ್ಲಿ ಈ ಯೋಜನೆಗೆ 54.2 ಕೋಟಿ ಡಾಲರ್ ಮಂಜೂರು ಮಾಡಿತು. ವಿದೇಶಿ ನೆರವು ಎಂದು ನಾವು ಕರೆಯುವ ಇದು ತೀರಿಸಲೇಬೇಕಾದ ಸಾಲ. ಯೋಜನೆಗಾಗಿ ಹಳಿಯ ಬದಿಯಿಂದ, ರಸ್ತೆಯ ಬದಿಯಿಂದ ಎದ್ದುಹೋದವರು ಒಂದು ಲಕ್ಷಕ್ಕೂ ಹೆಚ್ಚು ಜನ. ಇವರ ಕುರಿತು ಬ್ಯಾಂಕಿನದೇ ತಪಾಸಣಾ ಮಂಡಳಿ 2005ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿಯನ್ನು ಸಾಹಿತ್ಯದ ಓದುಗರೂ ಓದಬೇಕು.

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ಜಾಗದ ಕಾಗದಪತ್ರ ಇಲ್ಲದ ಗುಡಿಸಲುವಾಸಿಗೂ 225 ಚದರಡಿಯ ಮನೆ ಉಚಿತವಾಗಿ ಸಿಕ್ಕಿತು. ಮುಂಬಯಿಯಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಕುರ್ಲಾದ ಅಂಗಡಿಕಾರರು 2004ರಲ್ಲಿ ಮಂಡಳಿಗೆ ದೂರು ಕೊಟ್ಟರು. ದೊಡ್ಡ ಅಂಗಡಿಯವರಿಗೂ ಬದಲಿಯಾಗಿ ಬಂದದ್ದು ಅದೇ 225 ಚದರಡಿ. ಹೋಟೆಲು, ಅಂಗಡಿ ನಡೆಸಿ ಈ ಊರಲ್ಲಿ ನೆಲೆ ನಿಂತ ನಮ್ಮವರಿಗೆ ಗೊತ್ತು: ಅಂಗಡಿಯ ಬೆಲೆ ಇರುವುದು ಅದರ ಮುಂದೆ ಓಡಾಡುವ ಜನರಲ್ಲಿ. ಬಾಧಿತರ ಸಂಖ್ಯೆಯನ್ನು ಕಡಿಮೆ ಅಂದಾಜಿಸಿದ್ದು, ಅವರ ಸಂಪಾದನೆಯ ಬಗ್ಗೆ ಸಾಕಷ್ಟು ಯೋಚಿಸದಿದ್ದುದು, ಪ್ರತ್ಯೇಕವಾಗಿದ್ದ ಪುನರ್ವಸತಿ ಯೋಜನೆಯನ್ನು ಸಾರಿಗೆ ಯೋಜನೆಯೊಳಗೆ ಸೇರಿಸಿದ್ದು – ಮೂರನ್ನೂ ವರದಿ ಟೀಕಿಸಿತು. ಪ್ರಾಜೆಕ್ಟ್ ನಡೆಸುವವನಾಗಿ ನನಗೆ ಮೂರನೆಯದು ಚೆನ್ನಾಗಿ ಅರ್ಥವಾಗುತ್ತದೆ. ಗಡುವು ಹತ್ತಿರ ಬಂದಾಗ ದೊಡ್ಡ ಕೆಲಸದ ಹೊಟ್ಟೆಯಲ್ಲಿರುವ ಸಣ್ಣ ಕೆಲಸಕ್ಕೇ ಮೊದಲು ಕತ್ತರಿ ಬೀಳುತ್ತದೆ. 2006ರ ಮಾರ್ಚ್‌ನಲ್ಲಿ ಬ್ಯಾಂಕ್ ರಸ್ತೆ ಮತ್ತು ಪುನರ್ವಸತಿ ಭಾಗಗಳ ಹಣ ತಡೆಹಿಡಿಯಿತು; ಜೂನ್‌ನಲ್ಲಿ ತಡೆ ತೆರವಾಯಿತು.

ವರದಿಗೂ ಮಿತಿಯಿದೆ. ಬ್ಯಾಂಕ್ ತನ್ನ ನಿಯಮ ಪಾಲಿಸಿತೇ ಎಂಬುದೇ ಅದರ ಅಳತೆಗೋಲು. ಮಾನ್‌ಖುರ್ದ್‌ನ ಹೊಸ ಕಟ್ಟಡಗಳ ನೀರು, ಚರಂಡಿಯ ತೊಂದರೆಯನ್ನು ಅದು ದಾಖಲಿಸುತ್ತದೆ ನಿಜ. ಆದರೂ ಅಲ್ಲಿನ ಜನ ಕೊನೆಯವರೆಗೂ ‘ಬಾಧಿತರು’. ಮರಾಠಿಯಲ್ಲಿ ಅವರು ‘ಪ್ರಕಲ್ಪಗ್ರಸ್ತ’ರು, ನಮ್ಮ ಕಿವಿಗೆ ಅದು ‘ರೋಗಗ್ರಸ್ತ’ದಂತೆ ಕೇಳಿಸುತ್ತದೆ. ಎಲ್ಲಿ ದುಡಿಯುತ್ತಿದ್ದರು, ಕೆಲಸಕ್ಕೆ ಹೋಗಿಬರಲು ಈಗೆಷ್ಟು ಹೊತ್ತು ಎಂಬುದನ್ನು ಆ ಪದ ಹೇಳುವುದಿಲ್ಲ.

ಇಷ್ಟಾದರೂ, ಈ ನೆರವಿನಲ್ಲಿ ನ್ಯಾಯಕ್ಕೆ ಹೆಚ್ಚು ಒದಗಿದ್ದು ಡಾಲರಿಗಿಂತ ಅದರ ಜೊತೆ ಬಂದ ದೂರಿನ ಬಾಗಿಲು ಎಂದೇ ನನ್ನ ವಾದ. ಸಾಲ ಮುಗಿದರೆ ಆ ಬಾಗಿಲೂ ಮುಚ್ಚುತ್ತದೆ. ಈಗ ಬೊರಿವಲಿ–ಠಾಣೆ ಸುರಂಗದ ಸರದಿ. ಹಣ ಯಾರದೇ ಇರಲಿ, ಕೆಲಸ ಮಾಡಿಸುವವರ ಕೈಕೆಳಗಿಲ್ಲದ, ಬೇಕಾದರೆ ಹಣ ನಿಲ್ಲಿಸಬಲ್ಲ ಮಂಡಳಿಯೊಂದು ನಮ್ಮದೇ ಆಗಿ ಇರಬೇಕು. ಒಕ್ಕಲೆದ್ದವರು ದೂರು ಹೇಳಿಕೊಳ್ಳಲು ವಾಷಿಂಗ್ಟನ್ನಿಗೆ ಪತ್ರ ಬರೆಯಬೇಕಾದ ಸ್ಥಿತಿ ಯಾವ ಊರಿಗೂ ಶೋಭೆಯಲ್ಲ.