ಶ್ರವ್ಯನಾಟಕದ ನಾಯಕನೂ ಅವನ ಧ್ವನಿಯೂ

ನಾಟಕವನ್ನು ಪ್ರಾಚೀನ ಆಲಂಕಾರಿಕರು ದೃಶ್ಯಕಾವ್ಯವೆಂದು ಕರೆದರು. ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ಬಗೆಯಾಗಿ ವಿಂಗಡಿಸಿದ ಭರತಮುನಿಗೆ, ಕಣ್ಣಿಗೆ ಏನೊಂದೂ ಕಾಣದೆ ಕಿವಿಯೊಂದರ ಆಶ್ರಯದಿಂದಲೇ ನಡೆಯುವ ನಾಟಕವೂ ಉಂಟಾದೀತೆಂಬ ಕಲ್ಪನೆ ಇದ್ದಿರಲಾರದು. ರೇಡಿಯೋ ಬಂದ ಮೇಲೆ ಅಂಥ ನಾಟಕ ಹುಟ್ಟಿತು. ಅದರಲ್ಲಿ ವೇಷವಿಲ್ಲ, ಭೂಷಣವಿಲ್ಲ, ಅಂಗಚೇಷ್ಟೆಯಿಲ್ಲ. ಸಾತ್ತ್ವಿಕಭಾವಗಳಲ್ಲಿಯೂ ರೋಮಾಂಚವನ್ನಾಗಲಿ ಅಶ್ರುವನ್ನಾಗಲಿ ತೋರಿಸುವಂತಿಲ್ಲ. ಸ್ವರಭೇದವೊಂದೇ ಎಲ್ಲಕ್ಕೂ ಪ್ರತಿನಿಧಿಯಾಗಿ ನಿಲ್ಲಬೇಕು. ರಂಗದ ಮೇಲೆ ನಟನು ಬದಲಾದರೆ ಕಿರೀಟ, ಬಣ್ಣ, ಕತ್ತಿ, ಪರದೆ ಇವಾದರೂ ಹಳೆಯವೇ ಉಳಿದು ಪ್ರೇಕ್ಷಕನಿಗೆ ಸಮಾಧಾನ ಹೇಳುತ್ತವೆ. ಶ್ರವ್ಯನಾಟಕದಲ್ಲಿ ನಾಯಕನ ಧ್ವನಿ ಬದಲಾಯಿತೆಂದರೆ ಹಳೆಯದಾಗಿ ಉಳಿಯುವುದು ಹೆಸರು ಮಾತ್ರ. ಆದಕಾರಣ, ಪ್ರಿಯನಾದ ನಾಯಕನೊಬ್ಬನು ಹೊಸ ಧ್ವನಿಯಲ್ಲಿ ಮಾತನಾಡಲಿದ್ದಾನೆಂಬ ಸುದ್ದಿ ಬಂದಾಗ ಕೇಳುಗರಲ್ಲಿ ಏಳುವ ಕುತೂಹಲಕ್ಕೂ ಕಳವಳಕ್ಕೂ ಆಳವಾದ ಕಾರಣವುಂಟು. ಅದು ಕೇವಲ ಚಪಲವೆಂದು ತಳ್ಳಿಹಾಕತಕ್ಕದ್ದಲ್ಲ.

ಇದಕ್ಕೆ ಒಳ್ಳೆಯ ನಿದರ್ಶನ ಇಂಗ್ಲೆಂಡಿನ ‘ಡಾಕ್ಟರ್ ಹೂ’ ಎಂಬ ಕಥಾಮಾಲೆಯಲ್ಲಿ ದೊರೆಯುತ್ತದೆ. ಬಿ.ಬಿ.ಸಿ. ಸಂಸ್ಥೆಯ ಟೆಲಿವಿಷನ್ನಿನಲ್ಲಿ 1963ರಲ್ಲಿ ಆರಂಭವಾದ ಈ ಮಾಲೆಯ ನಾಯಕನು ದೇಶಕಾಲಗಳ ಕಟ್ಟನ್ನು ಮೀರಿ ಸಂಚರಿಸುವವನು. ಮರಣವು ಸಮೀಪಿಸಿದಾಗ ಹಳೆಯ ದೇಹವನ್ನು ಬಿಟ್ಟು ಹೊಸ ದೇಹವನ್ನು ತಳೆಯುವವನು. 1966ರಲ್ಲಿ ವಿಲಿಯಂ ಹಾರ್ಟ್‌ನೆಲ್ ಅವರ ಸ್ಥಾನಕ್ಕೆ ಪ್ಯಾಟ್ರಿಕ್ ಟ್ರೌಟನ್ ಅವರು ಬಂದುದು ಈ ಕಥಾಯುಕ್ತಿಯ ಬಲದಿಂದಲೇ. 1970ರಿಂದ 1974ರವರೆಗೆ ಮೂರನೆಯ ಡಾಕ್ಟರನಾಗಿದ್ದವರು ಜಾನ್ ಪರ್ಟ್ವೀ. 1999ರಿಂದ ಬಿಗ್ ಫಿನಿಷ್ ಎಂಬ ಸಂಸ್ಥೆ ಇದೇ ನಾಯಕನ ಹೊಸ ಕಥೆಗಳನ್ನು ಶ್ರವ್ಯನಾಟಕಗಳಾಗಿ ಹೊರತರತೊಡಗಿತು. ಬದುಕಿದ್ದ ನಟರು ತಮ್ಮ ತಮ್ಮ ಪಾತ್ರಗಳಿಗೆ ತಾವೇ ಧ್ವನಿಕೊಟ್ಟರು. ಆದರೆ ಹಾರ್ಟ್‌ನೆಲ್ ಅವರು 1975ರಲ್ಲಿ, ಟ್ರೌಟನ್ ಅವರು 1987ರಲ್ಲಿ, ಪರ್ಟ್ವೀ ಅವರು 1996ರಲ್ಲಿ ತೀರಿಕೊಂಡಿದ್ದರು. ಈ ಮೂವರ ಕಾಲದ ಕಥೆಗಳನ್ನು ಅನೇಕ ವರ್ಷ ಆಗಿನ ಸಹಚರಪಾತ್ರಗಳ ಬಾಯಿಂದ ಕಥನರೂಪದಲ್ಲಿ ಹೇಳಿಸುತ್ತಿದ್ದರು. ನಾಯಕನ ಪೀಠ ಬರಿದಾಗಿಯೇ ಇತ್ತು.

2015ರಲ್ಲಿ ಆ ಪೀಠದಲ್ಲಿ ಒಬ್ಬರನ್ನು ಕೂರಿಸುವ ಸಾಹಸ ನಡೆಯಿತು. ಮೂರನೆಯ ಡಾಕ್ಟರನ ಹೊಸ ಸಾಹಸಗಳ ಮೊದಲ ಸಂಪುಟದಲ್ಲಿ ಟಿಮ್ ಟ್ರೆಲೋರ್ ಎಂಬ ನಟರು ನಾಯಕರಾದರು. ಕಥೆಯೊಳಗಿನ ದೇಹಾಂತರಕ್ಕೂ ಈ ಬದಲಾವಣೆಗೂ ಇರುವ ಅಂತರವನ್ನು ವಾಚಕರು ಗಮನಿಸಬೇಕು. ದೇಹಾಂತರದಲ್ಲಿ ಹೊಸ ನಟನು ಹೊಸ ಸ್ವಭಾವವನ್ನೇ ಕಟ್ಟಿಕೊಳ್ಳಬಹುದು. ಹಿಂದಿನವನಂತಿಲ್ಲವೆಂದು ಅವನನ್ನು ಯಾರೂ ದೂರುವ ಹಾಗಿಲ್ಲ. ಇಲ್ಲಿಯಾದರೋ ಅದೇ ಮನುಷ್ಯ, ಅದೇ ವಯಸ್ಸು, ಅದೇ ಗತ್ತು. ಧ್ವನಿಯೊಂದು ಮಾತ್ರ ಬೇರೊಬ್ಬರದು.

ಇಂಥ ಸಂಪುಟವು ಬಿಡುಗಡೆಯಾಗುವುದಕ್ಕೆ ಬಹಳ ಮುಂಚೆಯೇ ಅದರ ಪ್ರಕಟಣೆ ಹೊರಡುತ್ತದೆ. ಮುಖಚಿತ್ರ ಬರುತ್ತದೆ, ಆಮೇಲೆ ಒಂದೆರಡು ನಿಮಿಷದ ಟ್ರೇಲರು ಬರುತ್ತದೆ. ಆ ಒಂದೆರಡು ನಿಮಿಷವನ್ನು ಅಭಿಮಾನಿಗಳು ಹತ್ತಾರು ಬಾರಿ ಕೇಳಿ, ಸ್ವರದ ಒರಟುತನ ಸಾಲದು, ಮಾತಿನ ಓಟ ಸರಿಯಾಗಿದೆ ಎಂದು ಅಕ್ಕಸಾಲಿಗನು ಒರೆಗಲ್ಲಿಗೆ ತಿಕ್ಕಿದಂತೆ ಪರೀಕ್ಷಿಸುತ್ತಾರೆ. ಅವರಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳು. ಸತ್ತವರ ಪಾತ್ರವನ್ನು ಅವರೊಂದಿಗೇ ಮಲಗಗೊಡಬೇಕೆಂಬುದು ಒಂದು ಪಕ್ಷ. ನಾಯಕನು ನಟನಿಗಿಂತ ದೊಡ್ಡವನು, ಅವನ ಕಥೆ ನಿಲ್ಲಬಾರದೆಂಬುದು ಇನ್ನೊಂದು. ಎರಡರಲ್ಲಿಯೂ ಪ್ರೀತಿಯಿದೆ. 1970ರಲ್ಲಿ ಹತ್ತು ವರ್ಷದ ಬಾಲಕನಾಗಿ ಪರ್ಟ್ವೀ ಅವರನ್ನು ನೋಡಿದವನಿಗೆ 2015ರ ವೇಳೆಗೆ ಐವತ್ತೈದು ತುಂಬಿತ್ತು. ಅವನ ಪಾಲಿಗೆ ಆ ಧ್ವನಿ ಬಾಲ್ಯದ ಶನಿವಾರದ ಸಂಜೆಗಳ ಧ್ವನಿ. ಅದನ್ನು ಇನ್ನೊಬ್ಬರು ಮುಟ್ಟುವಾಗ ಅವನ ಮನಸ್ಸು ಹಿಂದೆಗೆದರೆ ಆಶ್ಚರ್ಯವಿಲ್ಲ. ಹಿಂದೆಗೆಯುತ್ತಲೇ ಕಿವಿಗೊಟ್ಟರೆ ಅದೂ ಆಶ್ಚರ್ಯವಲ್ಲ.

ಈ ವಿವಾದದ ಬುಡದಲ್ಲಿರುವ ಪ್ರಶ್ನೆ ಭಾರತೀಯ ಕಾವ್ಯಮೀಮಾಂಸೆಗೆ ಹೊಸದಲ್ಲ. ರಸವು ಅನುಕರಣರೂಪವಾದುದೆಂದು ಶ್ರೀಶಂಕುಕನು ವಾದಿಸಿದನು. ಚಿತ್ರದ ಕುದುರೆಯನ್ನು ನೋಡುವವನು ಅದನ್ನು ನಿಜವಾದ ಕುದುರೆಯೆಂದೂ ಬಗೆಯುವುದಿಲ್ಲ, ಕುದುರೆಯಲ್ಲವೆಂದೂ ಬಗೆಯುವುದಿಲ್ಲ; ಹಾಗೆಯೇ ರಾಮನ ವೇಷದ ನಟನ ವಿಷಯವೂ ಎಂಬುದು ಅವನ ಉಪಮಾನ. ಅಭಿನವಗುಪ್ತನ ಗುರುವಾದ ಭಟ್ಟತೌತನು ಇದನ್ನು ಖಂಡಿಸಿದನು. ಮೂಲವನ್ನು ಕಂಡವನಿಗಲ್ಲವೆ ಇದು ಅನುಕರಣವೆಂದು ತಿಳಿಯುವುದು? ರಾಮನನ್ನು ಕಂಡವರು ಯಾರಿದ್ದಾರೆ? ಅಷ್ಟೇ ಅಲ್ಲದೆ, ಪರರ ಚೇಷ್ಟೆಯ ಅನುಕರಣವು ಹಾಸ್ಯಕ್ಕೆ ಕಾರಣವೆಂದು ಭರತನೇ ಹೇಳಿರುವಾಗ, ಬರಿಯ ಅನುಕರಣದಿಂದ ಕರುಣವಾಗಲಿ ವೀರವಾಗಲಿ ಹೇಗೆ ಹುಟ್ಟೀತು?

ಶ್ರವ್ಯನಾಟಕದ ಹೊಸ ನಾಯಕನ ಮುಂದೆ ಈ ಎರಡು ಆಕ್ಷೇಪಗಳೂ ವಿಚಿತ್ರವಾದ ರೂಪದಲ್ಲಿ ನಿಲ್ಲುತ್ತವೆ. ರಾಮನನ್ನು ಕಂಡವರಿಲ್ಲ, ಪರ್ಟ್ವೀ ಅವರ ಧ್ವನಿಯನ್ನಾದರೋ ಲಕ್ಷಾಂತರ ಜನ ಕೇಳಿದ್ದಾರೆ, ಬೇಕೆಂದಾಗ ಮತ್ತೆ ಕೇಳಬಲ್ಲರು. ಮೂಲವು ಪಕ್ಕದಲ್ಲಿಯೇ ಕುಳಿತು ತೂಗಿನೋಡುತ್ತಿರುವಾಗ ಹೊಸಬರು ಆಡುವ ಒಂದೊಂದು ಅಕ್ಷರವೂ ತಕ್ಕಡಿಗೆ ಬೀಳುತ್ತದೆ. ಎರಡನೆಯ ಆಕ್ಷೇಪ ಇನ್ನೂ ಕಠಿನ. ಅನುಕರಣವು ಹೆಚ್ಚು ಸರಿಯಾದಷ್ಟೂ ನಗೆಯ ಅಪಾಯ ಹೆಚ್ಚು. ಇಂಗ್ಲೆಂಡಿನ ರೇಡಿಯೋದಲ್ಲಿ ‘ಡೆಡ್ ರಿಂಗರ್ಸ್’ ಎಂಬ ಹಾಸ್ಯಪ್ರಸಾರದಲ್ಲಿ ಜಾನ್ ಕಲ್‌ಶಾ ಅವರು ನಾಲ್ಕನೆಯ ಡಾಕ್ಟರನಾದ ಟಾಮ್ ಬೇಕರ್ ಅವರ ಧ್ವನಿಯನ್ನು ಅನುಕರಿಸಿ ಜನರನ್ನು ನಗಿಸಿದರು. ಅದೇ ಕಲ್‌ಶಾ ಅವರು ಬಿಗ್ ಫಿನಿಷ್ ನಾಟಕಗಳಲ್ಲಿ, 2011ರಲ್ಲಿ ತೀರಿಕೊಂಡ ನಿಕೊಲಸ್ ಕೋರ್ಟ್ನಿ ಅವರ ಬ್ರಿಗೇಡಿಯರ್ ಪಾತ್ರವನ್ನು ವಹಿಸಿದಾಗ ಯಾರೂ ನಗುವುದಿಲ್ಲ. ಕಂಠವೂ ಒಂದೇ, ಕೌಶಲವೂ ಒಂದೇ. ಅಲ್ಲಿ ಧ್ವನಿಯನ್ನು ಎತ್ತಿ ತೋರಿಸುವುದೇ ಉದ್ದೇಶ. ಇಲ್ಲಿ ಆ ಧ್ವನಿಯಿಂದ ಅಪ್ಪಣೆ ಕೊಡುವುದು, ಸಂದೇಹಪಡುವುದು, ಗೆಳೆಯನನ್ನು ಕಾಪಾಡುವುದು ಮೊದಲಾದ ಕಾರ್ಯಗಳು ನಡೆಯಬೇಕು. ಧ್ವನಿಗೆ ಕೆಲಸ ದೊರೆತ ಕೂಡಲೆ ಕೇಳುಗನ ಗಮನ ಸಾಮ್ಯವನ್ನು ಬಿಟ್ಟು ಕಾರ್ಯದ ಕಡೆಗೆ ತಿರುಗುತ್ತದೆ.

ಟ್ರೆಲೋರ್ ಅವರ ಮೊದಲ ಸಂಪುಟದ ಗುಣವನ್ನು ಈ ದೃಷ್ಟಿಯಿಂದ ಅಳೆಯಬೇಕು. ಅವರ ಸ್ವರ ಪರ್ಟ್ವೀ ಅವರ ಸ್ವರದ ಪಡಿಯಚ್ಚಲ್ಲ. ಆ ತುಸು ಒಡಕಾದ ಗಾಂಭೀರ್ಯವನ್ನೂ, ಅವಿವೇಕಿಯಾದ ಅಧಿಕಾರಿಯನ್ನು ಕಂಡಾಗಿನ ಅಸಹನೆಯನ್ನೂ, ಮರುಗಳಿಗೆಯಲ್ಲಿ ಸಹಚರಿಯ ಕಡೆ ತಿರುಗುವಾಗಿನ ಮೃದುತ್ವವನ್ನೂ ಅವರು ಹಿಡಿದಿದ್ದಾರೆ, ಉಳಿದುದನ್ನು ಬಿಟ್ಟುಕೊಟ್ಟಿದ್ದಾರೆ. ಅವರೇ ಕಥೆಯ ನಿರೂಪಕರೂ ಆಗಿರುವುದರಿಂದ ಕೇಳುಗನ ಕಿವಿ ಆ ಕಂಠವನ್ನು ನಾಯಕನದಲ್ಲದ ಮಾತಿನಲ್ಲಿಯೂ ಪರಿಚಯಮಾಡಿಕೊಳ್ಳುತ್ತದೆ.

ಆದರೂ ಈ ಸಂಪುಟದ ನಿಜವಾದ ಬಲ ನಾಯಕನ ಕಂಠದಲ್ಲಿಲ್ಲವೆಂದರೆ ತಪ್ಪಾಗಲಾರದು. ಅದು ಇರುವುದು ಜೋ ಗ್ರಾಂಟ್ ಎಂಬ ಸಹಚರಿಯ ಪಾತ್ರವನ್ನು 1971ರಿಂದ 1973ರವರೆಗೆ ಟೆಲಿವಿಷನ್ನಿನಲ್ಲಿ ವಹಿಸಿದ್ದ ಕೇಟಿ ಮ್ಯಾನಿಂಗ್ ಅವರ ಉತ್ತರಗಳಲ್ಲಿ. ಪರ್ಟ್ವೀ ಅವರ ಎದುರು ನಿಂತು ಮಾತನಾಡಿದ ಅದೇ ಕಂಠವು ಹೊಸ ನಾಯಕನನ್ನು ಅಳುಕಿಲ್ಲದೆ ‘ಡಾಕ್ಟರ್’ ಎಂದು ಕರೆಯುತ್ತದೆ, ಗದರಿದರೆ ಮುನಿಯುತ್ತದೆ, ಅಪಾಯದಲ್ಲಿ ಅವನನ್ನೇ ನಂಬುತ್ತದೆ. ಬಹುಕಾಲದ ಮೇಲೆ ಊರಿಗೆ ಬಂದವನನ್ನು ಮನೆಯ ಹಿರಿಯಳೊಬ್ಬಳು ಗುರುತಿಸಿ ಒಳಕ್ಕೆ ಕರೆದರೆ ನೆರೆಯವರ ಸಂಶಯ ತಾನಾಗಿ ಅಡಗುತ್ತದೆ. ದುಷ್ಯಂತನಿಗೆ ಉಂಗುರವು ಹೇಗೋ ಕೇಳುಗನಿಗೆ ಮ್ಯಾನಿಂಗ್ ಅವರ ನಂಬಿಕೆಯೇ ಹಾಗೆ ಅಭಿಜ್ಞಾನವಾಗುತ್ತದೆ. ನಾಯಕನೆಂಬವನು ಒಂಟಿಯಾಗಿ ಇರುವವನಲ್ಲ. ಅವನು ಯಾರಿಗೆ ನಾಯಕನೋ ಅವರ ಮಾತಿನಲ್ಲಿ ಅರ್ಧ ಇರುತ್ತಾನೆ.

ಇದೇ ತತ್ತ್ವವನ್ನು ಅಮೆರಿಕದ ರೇಡಿಯೋ ಬಹಳ ಹಿಂದೆಯೇ ಅರಿತಿತ್ತು. ಡೆಟ್ರಾಯಿಟ್ ನಗರದಲ್ಲಿ 1933ರಲ್ಲಿ ಆರಂಭವಾದ ‘ದಿ ಲೋನ್ ರೇಂಜರ್’ ನಾಟಕಮಾಲೆಯ ನಾಯಕರಾಗಿದ್ದ ಅರ್ಲ್ ಗ್ರೇಸರ್ ಅವರು 1941ರ ಏಪ್ರಿಲ್‌ನಲ್ಲಿ ಮೋಟಾರು ಅಪಘಾತದಿಂದ ಹಠಾತ್ತಾಗಿ ಮೃತರಾದರು. ಪ್ರಸಾರವನ್ನು ನಿಲ್ಲಿಸುವಂತಿರಲಿಲ್ಲ. ಆಗ ಕಥೆಗಾರರು ನಾಯಕನು ಗಾಯಗೊಂಡು ಮಾತನಾಡಲಾರದೆ ಬಿದ್ದನೆಂದು ಕಥೆಯನ್ನು ಹೂಡಿದರು. ಕೆಲವು ಪ್ರಸಾರಗಳವರೆಗೆ ಅವನ ಪಿಸುಮಾತಿನ ಹೊರತು ಬೇರೆ ಧ್ವನಿಯಿಲ್ಲ. ಕಥೆಯ ಭಾರವನ್ನು ಅವನ ಸಂಗಾತಿಯಾದ ಟಾಂಟೋ ಹೊತ್ತನು. ಕ್ರಮವಾಗಿ ಚೇತರಿಸಿಕೊಂಡ ನಾಯಕನು ಬಾಯ್ತೆರೆದಾಗ ಕೇಳಿಬಂದುದು ಬ್ರೇಸ್ ಬೀಮರ್ ಅವರ ಕಂಠ. ಆ ಮೌನದಲ್ಲಿ ಒಂದು ವಿನಯವಿದೆ. ಗತಿಸಿದವರಿಗೆ ಸಲ್ಲಬೇಕಾದ ಸೂತಕವನ್ನು ಕಥೆಯೊಳಗೇ ಆಚರಿಸಿ, ಆಮೇಲೆ ಹೊಸಬರನ್ನು ಮಾತಿಗೆ ಹಚ್ಚಿದಂತಾಯಿತು. ಬೀಮರ್ ಅವರು 1954ರವರೆಗೂ ಆ ಪಾತ್ರದಲ್ಲಿದ್ದರು.

ಕಾಲವನ್ನೇ ಸೇತುವೆಯಾಗಿ ಬಳಸಿದ ಉದಾಹರಣೆಯೂ ಉಂಟು. ‘ಯುದ್ಧದ ಡಾಕ್ಟರ್’ ಪಾತ್ರವನ್ನು 2013ರಲ್ಲಿ ಟೆಲಿವಿಷನ್ನಿನಲ್ಲಿಯೂ 2015ರಿಂದ ಶ್ರವ್ಯನಾಟಕಗಳಲ್ಲಿಯೂ ವಹಿಸಿದ ಜಾನ್ ಹರ್ಟ್ ಅವರು 2017ರ ಜನವರಿಯಲ್ಲಿ ತೀರಿಕೊಂಡರು. 2021ರಲ್ಲಿ ಜೊನಾಥನ್ ಕಾರ್ಲೀ ಎಂಬ ತರುಣ ನಟರು ಆ ಪಾತ್ರಕ್ಕೆ ಬಂದಾಗ ಕಥೆಯನ್ನು ನಾಯಕನ ವೃದ್ಧಾಪ್ಯದಲ್ಲಿ ಇರಿಸದೆ, ಅವನು ಆ ದೇಹವನ್ನು ಆಗತಾನೆ ತಳೆದ ಕಾಲದಲ್ಲಿ ಇರಿಸಿದರು. ಹೀಗಾಗಿ ಧ್ವನಿಯ ಅಂತರಕ್ಕೆ ವಯಸ್ಸಿನ ಅಂತರ ಸಮಾಧಾನವಾಯಿತು. ಔಚಿತ್ಯವೆಂದರೆ ಇದು.

ಟ್ರೌಟನ್ ಅವರ ಪಾತ್ರವನ್ನು 2022ರಿಂದ ಅವರ ಮಗ ಮೈಕೇಲ್ ಟ್ರೌಟನ್ ಅವರೂ, 2011ರಲ್ಲಿ ತೀರಿಕೊಂಡ ಎಲಿಜಬೆತ್ ಸ್ಲೇಡನ್ ಅವರ ಸಾರಾ ಜೇನ್ ಪಾತ್ರವನ್ನು ಅವರ ಮಗಳು ಸೇಡಿ ಮಿಲ್ಲರ್ ಅವರೂ ವಹಿಸಿರುವುದು ಅಭಿಮಾನಿಗಳ ಹೃದಯವನ್ನು ಬೇರೊಂದು ರೀತಿಯಲ್ಲಿ ಮುಟ್ಟುತ್ತದೆ. ತಂದೆಯ ಮಾತನ್ನು ಮಗನ ಬಾಯಲ್ಲಿ ಕೇಳುವಾಗ ಕಣ್ಣು ತೇವವಾಗುವುದು ಸಹಜ. ಆದರೆ ವಿಮರ್ಶೆಯು ಇಲ್ಲಿ ಎಚ್ಚರವಾಗಿರಬೇಕು. ವಂಶದಿಂದ ಬರುವುದು ಕಂಠದ ಛಾಯೆ, ಪಾತ್ರದ ಪಾಕವಲ್ಲ. ಪಿತ್ರಾರ್ಜಿತವಾದ ಹೊಲವನ್ನೂ ಉಳದೆ ಬೆಳೆ ಬಾರದು. ಇನ್ನೊಂದು ದೋಷವೂ ಈ ಜಾತಿಯ ನಾಟಕಗಳಿಗೆ ಸುಲಭವಾಗಿ ಅಂಟುತ್ತದೆ. ಹೊಸ ಧ್ವನಿ ಸರಿಯೆಂದು ಸ್ಥಾಪಿಸುವ ಆತುರದಲ್ಲಿ ಬರೆಹಗಾರರು ಹಳೆಯ ಚಾಟೂಕ್ತಿಗಳನ್ನೂ ಹಳೆಯ ಸನ್ನಿವೇಶಗಳನ್ನೂ ಒಂದರ ಮೇಲೊಂದು ಪೇರಿಸಿದರೆ, ನಾಟಕವು ಪ್ರಮಾಣಪತ್ರಗಳ ಕಟ್ಟಾಗುತ್ತದೆ. ನಾಯಕನಿಗೆ ಹಿಂದೆಂದೂ ಎದುರಾಗದ ಸಂಕಟವೊಂದು ಎದುರಾಗಿ, ಅದಕ್ಕೆ ಅವನು ತನ್ನ ಸ್ವಭಾವಕ್ಕೆ ತಕ್ಕ ಉತ್ತರವನ್ನು ಕೊಟ್ಟಾಗಲೇ ಅವನು ಅವನೇ ಎಂಬುದು ಸಿದ್ಧವಾಗುವುದು.

ಈ ಪ್ರಶ್ನೆಗೆ ಈಗ ಹೊಸದೊಂದು ತೀಕ್ಷ್ಣತೆ ಬಂದಿದೆ. ಗತಿಸಿದವರ ಕಂಠವನ್ನು ಯಂತ್ರದಿಂದಲೇ ಹೊರಡಿಸುವ ವಿದ್ಯೆ ಕೈಗೆ ಬಂದಿದೆ. 2022ರಲ್ಲಿ ‘ಓಬಿ-ವಾನ್ ಕೆನೋಬಿ’ ಎಂಬ ಚಿತ್ರಮಾಲೆಗಾಗಿ ಜೇಮ್ಸ್ ಅರ್ಲ್ ಜೋನ್ಸ್ ಅವರ ಯೌವನದ ಕಂಠವನ್ನು, ಅವರು ಬದುಕಿದ್ದಾಗಲೇ, ಅವರ ಸಮ್ಮತಿಯಿಂದ, ಯಂತ್ರದ ನೆರವಿನಿಂದ ಪುನಃ ನಿರ್ಮಿಸಿದರು. ಸಾಮ್ಯವೊಂದೇ ಅಭಿಮಾನಿಗಳ ಬಯಕೆಯಾಗಿದ್ದರೆ ಇನ್ನು ಮುಂದೆ ನಟರ ಆವಶ್ಯಕತೆಯೇ ಇರಲಾರದು. ಆದರೆ 1996ರಲ್ಲಿ ತೀರಿಕೊಂಡವರ ಸಮ್ಮತಿಯನ್ನು ಈಗ ಯಾರು ತರಬಲ್ಲರು? ಅದನ್ನು ಒತ್ತಟ್ಟಿಗಿಟ್ಟರೂ, ಎದುರಿನವಳ ಮಾತನ್ನು ಕೇಳಿ, ಆ ಕ್ಷಣದಲ್ಲಿ ಮನಸ್ಸು ಕಲಕಿ, ಉತ್ತರವನ್ನು ಹುಡುಕುವ ಜೀವವೊಂದು ಆ ಕಂಠದ ಹಿಂದೆ ಇರಬೇಡವೆ? ಹೊಸ ಸಂಪುಟಕ್ಕಾಗಿ ಕಾದು, ತೂಗಿ, ಗೊಣಗಿ, ಕಡೆಗೆ ಒಪ್ಪಿಕೊಳ್ಳುವ ಕೇಳುಗರು ಒಬ್ಬ ಮನುಷ್ಯನ ಪ್ರಯತ್ನವನ್ನು ಒಪ್ಪಿಕೊಳ್ಳುತ್ತಿದ್ದಾರೆ. ಯಂತ್ರದ ಕಂಠವನ್ನು ಕೇಳಿ ಬೆರಗಾಗಬಹುದು. ಅದನ್ನು ಕ್ಷಮಿಸುವ ಪ್ರಸಂಗವೇ ಬಾರದು. ಕ್ಷಮಿಸಲು ಎಡೆಯಿಲ್ಲದ ಕಡೆ ಸ್ನೇಹಕ್ಕೂ ಎಡೆಯಿಲ್ಲ.

ನಟನು ವಹಿಸುವುದಕ್ಕೆ ಕನ್ನಡದಲ್ಲಿ ಪಾತ್ರವೆಂಬ ಮಾತು ರೂಢವಾಗಿದೆ. ಪಾತ್ರೆಯೂ ಅದೇ ಮಾತಿನಿಂದ ಬಂದುದು. ನೀರು ತುಂಬಿದವರ ಕೈ ಬದಲಾಗಬಹುದು. ಪಾತ್ರೆ ಸೋರದಿದ್ದರೆ ಬಾಯಾರಿದವರಿಗೆ ನೀರು ಸಿಕ್ಕೀತು. ಪರ್ಟ್ವೀ ಅವರ ಧ್ವನಿ ಅವರ ಹಳೆಯ ಮುದ್ರಿಕೆಗಳಲ್ಲಿ ಕ್ಷೇಮವಾಗಿದೆ; ಅದಕ್ಕೆ ಟ್ರೆಲೋರ್ ಅವರಿಂದ ಕುಂದೇನೂ ಬಂದಿಲ್ಲ. ಹಳೆಯದನ್ನು ಮರೆಯದೆ ಹೊಸದಕ್ಕೆ ಕಿವಿಗೊಡುವ ಸಂಕಟದಲ್ಲಿಯೇ ಈ ಕೇಳುಗರ ರಸಿಕತೆಯ ಬೆಲೆಯಿದೆ. ಆ ಸಂಕಟವನ್ನು ಬಲ್ಲ ನಾಟಕಕಾರನು ಅವರನ್ನು ವಂಚಿಸಲು ಯತ್ನಿಸುವುದಿಲ್ಲ; ಕಥೆಯನ್ನು ನೇರ್ಪಾಗಿ ಹೇಳಿ, ಗುರುತಿಸುವ ಹೊಣೆಯನ್ನು ಅವರಿಗೇ ಬಿಡುತ್ತಾನೆ.